ಎಡಗಾಲಿಗೆ ಕೆಲಸವಿಲ್ಲದ ಕಾರು

ನನ್ನ ಕಾರಿನಲ್ಲಿ ಪೆಡಲು ಎರಡೇ. ಒಂದು ಓಡಿಸಲು, ಇನ್ನೊಂದು ನಿಲ್ಲಿಸಲು. ಎರಡನ್ನೂ ಬಲಗಾಲೇ ನೋಡಿಕೊಳ್ಳುತ್ತದೆ. ಎಡಗಾಲಿನಲ್ಲಿ ತುಳಿಯುವ ಕ್ಲಚ್ಚು ಅದಕ್ಕಿಲ್ಲ. ಆ ಕೆಲಸವನ್ನು ಬಾನೆಟ್ಟಿನ ಕೆಳಗೆ ಕೂತಿರುವ ಒಂದು ಪುಟ್ಟ ಮೋಟಾರು ಮಾಡುತ್ತದೆ. ಯಾವಾಗ ಕ್ಲಚ್ಚು ಹಿಡಿಯಬೇಕು, ಯಾವಾಗ ಗೇರು ಬದಲಿಸಬೇಕು ಎಂದು ಇನ್ನೊಂದು ಡಬ್ಬಿ ಅದಕ್ಕೆ ಹೇಳಿಕೊಡುತ್ತದೆ. ಗೇರು ಬದಲಾಗುವಾಗ ಕಾರು ಒಂದು ಸಲ ತಡವರಿಸುತ್ತದೆ, ಕೂತವರ ತಲೆ ಮುಂದಕ್ಕೆ ತೂಗುತ್ತದೆ, ಅಷ್ಟೆ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಸೊರಗಿದ ನನ್ನ ಎಡಗಾಲನ್ನು ಯಾರೂ ಏನೂ ಕೇಳದ ಜಾಗ ಈ ಪ್ರಪಂಚದಲ್ಲಿ ಅದೊಂದೇ. ಐವತ್ತೆರಡನೆಯ ವಯಸ್ಸಿನಲ್ಲಿ ಆ ಕಾರನ್ನು ಕೊಂಡೆ. ಷೋಕಿಗೆ ಕೊಂಡಳು ಎಂದು ಊರಿನವರು ಆಡಿಕೊಂಡರು. ನಾನು ಕೊಂಡದ್ದು ಅಣ್ಣನಿಗೆ ನನ್ನಿಂದ ಬಿಡುವು ಸಿಗಲಿ ಎಂದು.

ನಮ್ಮ ಊರಿನ ಹೆಸರು ಹದಿನಾರು, ನಂಜನಗೂಡಿನ ಕಡೆ. ಊರಿನಿಂದ ಆಚೆ, ನಾಲೆಯ ಪಕ್ಕದ ಜಮೀನಿನಲ್ಲಿ ನಮ್ಮ ಮನೆ. ಮುಂದಿನ ಭಾಗದಲ್ಲಿ ಅಣ್ಣ, ಅತ್ತಿಗೆ. ಪಕ್ಕದ ಎರಡು ಕೋಣೆಗಳಲ್ಲಿ ನಾನು. ನಾನು ಮದುವೆಯಾಗಲಿಲ್ಲ. ತಿ. ನರಸೀಪುರದ ಒಂದು ಕಚೇರಿಯ ರೆಕಾರ್ಡ್ ರೂಮಿನಲ್ಲಿ ನನ್ನ ಕೆಲಸ. ಮನೆಯಿಂದ ಬಸ್ ಸ್ಟಾಪಿಗೆ ಮೂರು ಕಿಲೋಮೀಟರ್, ಅಲ್ಲಿಂದ ಮುಂದೆ ಬಸ್ಸು. ಆ ಮೂರು ಕಿಲೋಮೀಟರು ಅಣ್ಣನದು.

ಅಣ್ಣ ನನಗಿಂತ ಆರು ವರ್ಷ ದೊಡ್ಡವನು. ಪ್ರೈಮರಿ ಸ್ಕೂಲಿಗೆ ಹೆಗಲ ಮೇಲೆ ಕೂರಿಸಿಕೊಂಡು ಹೋದ. ಹೈಸ್ಕೂಲಿಗೆ ಸೈಕಲ್ಲು. ಕೆಲಸ ಸಿಕ್ಕ ಮೇಲೆ ಮೊಪೆಡ್ಡು. ಮುಂದೆ ಹಾಲಿನ ಕ್ಯಾನು, ಹಿಂದೆ ನಾನು, ನನ್ನ ಮಡಿಲಲ್ಲಿ ಅಡ್ಡಲಾಗಿ ಊರುಗೋಲು. ಡೈರಿ ಬಸ್ ಸ್ಟಾಪಿನ ಪಕ್ಕದಲ್ಲೇ ಇತ್ತು. ಬೆಳಿಗ್ಗೆ ಹಾಲು ಹಾಕಿ ನನ್ನನ್ನು ಬಸ್ಸು ಹತ್ತಿಸುತ್ತಿದ್ದ. ಸಂಜೆ ಮತ್ತೆ ಹಾಲು ತಂದು ಹಾಕಿ, ನಾನು ಇಳಿಯುವ ತನಕ ಅಲ್ಲೇ ಕೂತಿದ್ದು, ಕರೆದುಕೊಂಡು ಬರುತ್ತಿದ್ದ. ಇಪ್ಪತ್ತಾರು ವರ್ಷ ಹೀಗೆ. ಮಳೆ ಬಂದರೆ ಯೂರಿಯಾ ಚೀಲವನ್ನು ಕೊಪ್ಪೆ ಮಾಡಿ ನನ್ನ ತಲೆಗೆ ಹಾಕುತ್ತಿದ್ದ. ಅವನು ನೆನೆಯುತ್ತಿದ್ದ.

ಮನೆಯಲ್ಲಿ ಅಣ್ಣನ ಬಾಯಿಂದ ಮಾತು ಹೊರಡಿಸುವುದೆಂದರೆ ಕಲ್ಲಿನಲ್ಲಿ ನಾರು ತೆಗೆದ ಹಾಗೆ. ಊಟ ಮಾಡಿದೆಯಾ ಎಂದರೆ ಹೂಂ, ಉಪ್ಪು ಸಾಕಾ ಎಂದರೆ ಹೂಂ. ಆದರೆ ಮೊಪೆಡ್ಡು ಊರ ಕಡೆಯ ತಿರುವು ದಾಟಿತೆಂದರೆ ಅವನಿಗೆ ಮಾತು ಬರುತ್ತಿತ್ತು. ಅವನ ಮೊದಲ ಮಗು ತೀರಿಕೊಂಡ ವರ್ಷ ಅತ್ತಿಗೆಯ ಹತ್ತಿರವೂ ಆಡದ ಮಾತನ್ನು ಆ ಮೂರು ಕಿಲೋಮೀಟರಿನಲ್ಲಿ ಆಡಿದ. ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದ್ದನ್ನು ಅವನು ನನಗೆ ತಿಳಿಸಿದ್ದೂ ಅಲ್ಲೇ. ಅವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ, ನನಗೆ ಅವನ ಬೆನ್ನು ಬಿಟ್ಟು ಇನ್ನೇನೂ ಕಾಣುತ್ತಿರಲಿಲ್ಲ. ಅದೊಂದು ಸೌಲಭ್ಯ ಎಂದು ನನಗೆ ಆಗ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದ ಮೇಲೆ ನಮ್ಮ ಕಡೆಯ ಹೆಂಗಸರೆಲ್ಲ ಊರು ನೋಡಲು ಹೊರಟರು. ಹೊರಡಲಿ, ಅದಕ್ಕೆ ನನ್ನ ಹೊಟ್ಟೆಕಿಚ್ಚಿಲ್ಲ. ಆದರೆ ಬಸ್ಸು ತುಂಬಿ ತುಳುಕಿ ಬರಲು ಶುರುವಾಯಿತು. ಒಂದು ದಿನ ಇಬ್ಬರು ಹೆಂಗಸರು ನನ್ನ ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡರು, ಊರುಗೋಲು ಕೆಳಗೇ ಉಳಿಯಿತು, ಬಸ್ಸು ಹೊರಟಿತು. ಅಣ್ಣ ಅದನ್ನು ಎತ್ತಿಕೊಂಡು ಮುಂದಿನ ಸ್ಟಾಪಿನ ತನಕ ಮೊಪೆಡ್ಡಿನಲ್ಲಿ ಅಟ್ಟಿಸಿಕೊಂಡು ಬಂದ. ಐವತ್ತೆಂಟು ವರ್ಷದ ಗಂಡಸು, ಏದುಸಿರು ಬಿಡುತ್ತಾ ಕಿಟಕಿಯಲ್ಲಿ ಕೋಲು ತೂರಿಸಿದ. ಆವತ್ತು ಸಂಜೆ ಡೈರಿಯ ಮುಂದೆ ಯಾರೋ ಅವನಿಗೆ, ‘ಇನ್ನೂ ಎಸ್ಟ್ ವರ್ಸ ಒತ್ಕಂಡು ತಿರುಗ್ತೀಯ ತಂಗೀನ’ ಎಂದು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಣ್ಣ ಉತ್ತರ ಕೊಡಲಿಲ್ಲ. ಕೊಡದೇ ಇದ್ದದ್ದನ್ನೇ ನಾನು ಉತ್ತರವೆಂದು ತಿಳಿದೆ. ರಾತ್ರಿಯೆಲ್ಲ ಅದು ಎದೆಯಲ್ಲಿ ಚುಚ್ಚಿತು.

ಸ್ಕೂಟರಿಗೆ ಪಕ್ಕದ ಎರಡು ಚಕ್ರ ಹಾಕಿಸಿಕೊಳ್ಳಬಹುದಿತ್ತಲ್ಲ ಎನ್ನುತ್ತೀರಿ. ಅದೂ ಆಯಿತು. ಸರ್ಕಾರದವರು ಹಾರ ಹಾಕಿ, ಫೋಟೊ ತೆಗೆದು ಒಂದನ್ನು ಕೊಟ್ಟಿದ್ದರು. ಎರಡನೆಯ ವಾರ ನಾಲೆಯ ಏರಿಯ ಮೇಲಿನ ಕೆಸರಿನಲ್ಲಿ ಅದು ನನ್ನನ್ನೂ ಕೂಡಿಸಿಕೊಂಡು ಮಗುಚಿತು. ಆಮೇಲೆ ಅದರ ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತು. ಕೋಳಿಗಾದರೂ ಉಪಯೋಗವಾಯಿತು.

ಕ್ಲಚ್ಚಿಲ್ಲದ ಸಣ್ಣ ಕಾರು ಬಂದಿದೆ ಎಂದು ನನಗೆ ಹೇಳಿದ್ದು ನಮ್ಮ ಕಚೇರಿಯಲ್ಲೇ ಕೆಲಸ ಮಾಡುವ ಒಬ್ಬಾಕೆ. ಅವಳು ಅಂಥದ್ದೊಂದು ಕೊಂಡಿದ್ದಳು. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಡ್ರೈವರ್ ಸೀಟಿನಲ್ಲಿ ನನ್ನನ್ನು ಕೂರಿಸಿದಳು. ಎಡಗಾಲನ್ನು ಎಲ್ಲಿಡುವುದು ಎಂದು ಕೇಳಿದೆ. ಎಲ್ಲಾದರೂ ಇಡಿ, ಅದಕ್ಕೇನೂ ಕೆಲಸವಿಲ್ಲ ಎಂದಳು. ಆ ಮಾತಿಗೆ ನನ್ನ ಕಣ್ಣು ತುಂಬಿದ್ದನ್ನು ನೋಡಿ ಅವಳು ಗಾಬರಿಯಾಗಿ ನೀರು ಕೊಟ್ಟಳು.

ಕಲಿಯುವುದೇ ಒಂದು ಪಡಿಪಾಟಲಾಯಿತು. ನಂಜನಗೂಡಿನಲ್ಲೂ ನರಸೀಪುರದಲ್ಲೂ ವಿಚಾರಿಸಿದೆ; ಡ್ರೈವಿಂಗ್ ಸ್ಕೂಲಿನವರ ಹತ್ತಿರ ಇದ್ದವೆಲ್ಲ ಕ್ಲಚ್ಚಿನ ಕಾರುಗಳೇ. ಹಾಗಾಗಿ ಮೊದಲು ಕಾರು ಕೊಂಡು ಆಮೇಲೆ ಕಲಿತೆ. ಸ್ಕೂಲಿನ ಕಾರಿನಲ್ಲಿ ಹೇಳಿಕೊಡುವವನ ಕಾಲಡಿಗೂ ಒಂದು ಬ್ರೇಕು ಇರುತ್ತದೆ, ನಮ್ಮದರಲ್ಲಿ ಎಲ್ಲಿಂದ ಬರಬೇಕು? ಟ್ರ್ಯಾಕ್ಟರ್ ಓಡಿಸಿ ಗೊತ್ತಿದ್ದ ಅಣ್ಣ ಪಕ್ಕದ ಸೀಟಿನಲ್ಲಿ ಕೂತು ಎರಡು ಕೈಯಲ್ಲೂ ಹ್ಯಾಂಡ್ ಬ್ರೇಕನ್ನು ಹಿಡಿದುಕೊಂಡ. ಕಟಾವಾದ ಗದ್ದೆಯ ಬಯಲಿನಲ್ಲಿ ಎರಡು ತಿಂಗಳು ಹಾಗೇ ಸುತ್ತಿದೆವು. ನಾನು ಸ್ವಲ್ಪ ಜೋರಾಗಿ ಹೋದರೆ ಸಾಕು, ಅವನು ಬ್ರೇಕು ಎಳೆಯುತ್ತಿದ್ದ. ನಾನು ಬೈಯುತ್ತಿದ್ದೆ. ಅವನು ಹೂಂ ಎನ್ನುತ್ತಿದ್ದ. ನನ್ನನ್ನು ತನ್ನಿಂದ ದೂರ ಮಾಡುವ ವಿದ್ಯೆಯನ್ನು ಅಷ್ಟು ತಾಳ್ಮೆಯಿಂದ ಕಲಿಸಿದ.

ಲೈಸೆನ್ಸಿನ ಪರೀಕ್ಷೆಯ ದಿನ ಇನ್ಸ್‌ಪೆಕ್ಟರು ನನ್ನ ಕಾಗದಗಳನ್ನು ನೋಡಿದರು, ಊರುಗೋಲನ್ನು ನೋಡಿದರು, ಈ ಕಾಲಿಟ್ಟುಕೊಂಡು ಹೇಗಮ್ಮ ಎಂದರು. ಮೂಗಿನ ತುದಿಯಲ್ಲಿದ್ದ ಕೋಪ ಇಳಿದು ನಾಲಿಗೆಗೆ ಬಂತು. ‘ಸಾ, ಈ ಕಾರಲ್ಲಿ ನನ್ನ ಎಡಗಾಲು ಏನು ಮಾಡ್ತದೋ ನಿಮ್ಮ ಎಡಗಾಲೂ ಅದನ್ನೇ ಮಾಡೋದು’ ಎಂದೆ. ಅವರು ಬಗ್ಗಿ ಪೆಡಲು ಎಣಿಸಿ ನಕ್ಕುಬಿಟ್ಟರು. ಎಂಟರ ಆಕಾರದಲ್ಲಿ ಓಡಿಸಿದೆ, ಹಿಂದಕ್ಕೆ ತೆಗೆದೆ, ಪಾಸಾದೆ. ಅಣ್ಣ ಹೊರಗಡೆ ಹುಣಸೇಮರದ ಕೆಳಗೆ ನಿಂತಿದ್ದ. ಪಾಸು ಎಂದು ಕೂಗಿ ಹೇಳಿದೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ.

ಅಂತೂ ನನ್ನ ಕಾರಿನಲ್ಲಿ ನಾನೊಬ್ಬಳೇ ಕೆಲಸಕ್ಕೆ ಹೋಗತೊಡಗಿದೆ. ಮೊದಲ ಒಂದು ವಾರ ರಾಣಿಯ ಹಾಗಿದ್ದೆ. ಆಮೇಲೆ ಒಂದೊಂದೇ ಗೊತ್ತಾಗುತ್ತಾ ಬಂತು. ಬಸ್ಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹೂವಿನಾಕೆ, ಕನಕಾಂಬರದ ಒಂದು ಮೊಳ ಕೈಗಿಟ್ಟು ಸೊಸೆಯ ಮೇಲೆ ದೂರು ಹೇಳುತ್ತಿದ್ದವಳು, ಈಗ ರಸ್ತೆಯ ಪಕ್ಕ ನಿಂತು ನನ್ನ ಕಾರನ್ನು ಯಾರದೋ ಕಾರು ಎಂಬಂತೆ ನೋಡುತ್ತಿದ್ದಳು. ಹತ್ತಿಸಿಕೊಳ್ಳಲು ಒಂದು ದಿನ ನಿಲ್ಲಿಸಿದೆ. ಬುಟ್ಟಿಯಿಂದ ಸೀಟು ನೆನೆಯುತ್ತದೆ ಬೇಡಿ ಎಂದಳು. ಇಷ್ಟು ವರ್ಷ ಹೋಗು, ಬಾ ಎನ್ನುತ್ತಿದ್ದವಳು ಬಹುವಚನಕ್ಕೆ ಇಳಿದಿದ್ದಳು.

ಕಾರಿನೊಳಗೆ ನನ್ನ ಜೊತೆ ಮಾತಾಡುತ್ತಿದ್ದದ್ದು ಅದರ ಪೀಂ ಪೀಂ ಒಂದೇ. ಟಿಫಿನ್ ಬಾಕ್ಸು, ನೀರು, ಎರಡು ಫೈಲು ತುಂಬಿದ ಬ್ಯಾಗನ್ನು ಪಕ್ಕದ ಸೀಟಿನ ಮೇಲಿಡುತ್ತಿದ್ದೆ. ಆ ಸೀಟಿನ ಕೆಳಗೆ ಭಾರ ಕಂಡುಹಿಡಿಯುವ ಏನೋ ಇದೆಯಂತೆ. ಬ್ಯಾಗನ್ನೇ ಮನುಷ್ಯ ಎಂದು ತಿಳಿದು, ಬೆಲ್ಟು ಹಾಕಿಸು ಎಂದು ಕೂಗಿಕೊಳ್ಳುತ್ತಿತ್ತು. ನಾನು ಬ್ಯಾಗಿಗೆ ಬೆಲ್ಟು ಹಾಕಿ ಕೂರಿಸುತ್ತಿದ್ದೆ. ಕೆಲವು ದಿನ ಅದರ ಜೊತೆ ಮಾತನ್ನೂ ಆಡಿದ್ದೇನೆ. ನಾಚಿಕೆಯಾಗುತ್ತದೆ, ಆದರೆ ಆಡಿದ್ದು ನಿಜ.

ಅಣ್ಣನಿಗೆ ಬಿಡುವು ಸಿಕ್ಕಿತಲ್ಲ ಎಂದು ನಾನು ಅಂದುಕೊಂಡಿದ್ದರೆ, ಅವನು ಸಂಜೆ ಹಾಲು ಹಾಕಿದ ಮೇಲೂ ಡೈರಿಯ ಮುಂದೆ ಮೊಪೆಡ್ಡಿನ ಮೇಲೆ ಕೂತೇ ಇರುತ್ತಿದ್ದ. ನನ್ನ ಕಾರು ತಿರುವಿಗೆ ಬಂದ ಕೂಡಲೇ ಮೊಪೆಡ್ಡು ಸ್ಟಾರ್ಟ್ ಮಾಡಿ ಹಿಂದಿನಿಂದ ಬರುತ್ತಿದ್ದ. ನಾನು ಜೋರು ಹೋದರೆ ಅವನೂ ಜೋರು, ನಾನು ನಿಧಾನಿಸಿದರೆ ಅವನೂ ನಿಧಾನ. ಕನ್ನಡಿಯಲ್ಲಿ ಅವನ ಒಂಟಿ ದೀಪ ಕಾಣುತ್ತಿತ್ತು. ಯಾಕಣ್ಣ ಕಾಯುತ್ತೀಯ, ಹಾಲು ಹಾಕಿ ಮನೆಗೆ ಹೋಗಬಾರದಾ ಎಂದು ಕೇಳಿದರೆ, ಪಂಚರ್ ಗಿಂಚರ್ ಆದರೆ ಎಂದು ನೆಲ ನೋಡಿದ. ನನಗೆ ರೇಗಿತು. ಇಷ್ಟೆಲ್ಲ ಮಾಡಿದ್ದು ಇವನು ನನ್ನನ್ನು ಕಾಯುವುದು ತಪ್ಪಲಿ ಎಂದು. ಇವನು ನೋಡಿದರೆ ಮಗು ನಡೆಯಲು ಕಲಿತರೂ ಬೆನ್ನ ಹಿಂದೆ ಕೈಚಾಚಿಕೊಂಡು ಬರುವವನ ಹಾಗೆ ಬರುತ್ತಾನೆ. ಒಂದೇ ಸೀಟಿನ ಮೇಲೆ ಕೂತು ಬರುತ್ತಿದ್ದವರು ಈಗ ಎರಡು ಗಾಡಿಗಳಲ್ಲಿ, ಇಪ್ಪತ್ತು ಮಾರು ದೂರದಲ್ಲಿ, ಒಂದು ಮಾತೂ ಇಲ್ಲದೆ ಮನೆ ಸೇರುತ್ತಿದ್ದೆವು.

ಆ ವರ್ಷ ಸಂಕ್ರಾಂತಿಯ ಮುಂಚೆ ಹುರುಳಿ ಕಿತ್ತ ಕಾಲ. ನಮ್ಮ ಕಡೆ ಕಣ ಮಾಡುವವರು ಈಗ ಯಾರು? ಹುರುಳಿ, ರಾಗಿ ಏನೇ ಬಂದರೂ ಟಾರು ರಸ್ತೆಯ ಮೇಲೆ ಹರಡುತ್ತಾರೆ. ಹೋಗಿ ಬರುವ ಗಾಡಿಗಳ ಚಕ್ರವೇ ಒಕ್ಕಣೆ ಮಾಡಿಕೊಡುತ್ತದೆ. ಹಾಗೆ ಹರಡಿದ್ದನ್ನು ಬಳಸಿಕೊಂಡು ಪಕ್ಕದಲ್ಲಿ ಹೋಗುವವನನ್ನು ಜಂಬದವನು ಎನ್ನುತ್ತಾರೆ. ಮೇಲೇ ಓಡಿಸಿಕೊಂಡು ಹೋಗುವುದು ಮರ್ಯಾದೆ. ಅಣ್ಣನ ಮೊಪೆಡ್ಡಿನಲ್ಲಿ ನಾನು ಎಷ್ಟೋ ಸಲ ಹಾಗೆ ಹೋಗಿದ್ದೇನೆ. ಅದರ ಸಣ್ಣ ಚಕ್ರ ಯಾರ ಹುರುಳಿಯನ್ನೂ ಒಕ್ಕಿದ್ದಿಲ್ಲ.

ಆ ಸಂಜೆ ಊರ ಕಡೆಯ ತಿರುವಿನಿಂದ ಸ್ವಲ್ಪ ಮುಂದೆ ರಸ್ತೆಯುದ್ದಕ್ಕೂ ಮೊಣಕಾಲೆತ್ತರ ಹುರುಳಿ ಸೊಪ್ಪು. ಪಕ್ಕದಲ್ಲಿ ನಾಲ್ಕೈದು ಹೆಂಗಸರು ಕವೆಗೋಲು ಹಿಡಿದು ನಿಂತಿದ್ದರು. ನಾನು ಕಾರು ನಿಧಾನಿಸಿದೆ. ಅವರಲ್ಲಿ ವಯಸ್ಸಾದವಳು ಕಿಟಕಿಗೆ ಬಂದು, ‘ಒಸಿ ಉಳ್ಳಿ ಮ್ಯಾಲೆ ಓಡ್ಸವ್ವ, ನಿನ್ ಕಾರ್ ತೂಕವಾಗದೆ, ಪುಣ್ಯ ಬತ್ತದೆ’ ಎಂದಳು.

ಆ ಮಾತು ನನಗೆ ಏನು ಮಾಡಿತೆಂದು ಕಾಲು ನೆಟ್ಟಗಿರುವವರಿಗೆ ಹೇಳಿದರೆ ತಿಳಿಯುವುದು ಕಷ್ಟ. ಬುದ್ಧಿ ಬಂದಾಗಿನಿಂದ ನಾನು ಇನ್ನೊಬ್ಬರ ಕೈಯಿಂದ ಉಪಕಾರ ಮಾಡಿಸಿಕೊಂಡವಳು. ಎತ್ತಿಸಿಕೊಂಡವಳು, ಹತ್ತಿಸಿಕೊಂಡವಳು, ಸೀಟು ಬಿಡಿಸಿಕೊಂಡವಳು. ಒಬ್ಬರು ನನ್ನ ಹತ್ತಿರ ಬಂದು ನಿನ್ನಿಂದ ಒಂದು ಕೆಲಸ ಆಗಬೇಕು ಎಂದದ್ದು, ಅದೂ ನಡೆದಾಡುವ ಕೆಲಸ, ಅದೇ ಮೊದಲು. ಒಂದು ಸಲ ಓಡಿಸಿದೆ. ಆ ತುದಿಯಲ್ಲಿ ತಿರುಗಿಸಿಕೊಂಡು ಬಂದೆ. ಹೆಂಗಸರು ಸೊಪ್ಪನ್ನು ಮಗುಚಿ ಹಾಕಿದರು, ಮತ್ತೆ ಓಡಿಸಿದೆ. ನಾಲ್ಕು ಸುತ್ತು. ನಗುತ್ತಿದ್ದೆ ಅಂತ ಕಾಣುತ್ತದೆ.

ನನ್ನ ಬುದ್ಧಿಗೆ ಹೊಳೆಯದೇ ಹೋದದ್ದು ಇಷ್ಟೆ: ಲಾರಿ, ಟ್ರ್ಯಾಕ್ಟರುಗಳ ಹೊಟ್ಟೆ ಮೇಲಿರುತ್ತದೆ, ನನ್ನ ಕಾರಿನ ಹೊಟ್ಟೆ ನೆಲ ಸವರಿಕೊಂಡು ಹೋಗುತ್ತದೆ. ನಲವತ್ತು ನಿಮಿಷ ಓಡಿ ಬಂದ ಕಾರಿನ ಹೊಗೆ ಕೊಳವೆ ಕೆಂಡವಾಗಿತ್ತು. ಒಣಗಿದ ಬಳ್ಳಿ ಚಕ್ರದ ಅಚ್ಚಿಗೆ ಹಗ್ಗದಂತೆ ಸುತ್ತಿಕೊಂಡು ಕೊಳವೆಗೆ ತಾಕಿತು. ಐದನೆಯ ಸುತ್ತಿಗೆ ತಿರುಗಿಸುವಾಗ ಕಾರು ಗಕ್ಕನೆ ಎಳೆದು ನಿಂತಿತು. ಸುಟ್ಟ ವಾಸನೆ ಬಂತು, ಆಮೇಲೆ ಬಾನೆಟ್ಟಿನ ಅಂಚಿನಿಂದ ಹೊಗೆ. ಊರುಗೋಲು ಹಿಂದಿನ ಸೀಟಿನ ಕೆಳಗೆ ಜಾರಿ ಸಿಕ್ಕಿಕೊಂಡಿತ್ತು. ಕೈ ಹಿಂದಕ್ಕೆ ಚಾಚಿ ಎಳೆದೆ, ಬರಲಿಲ್ಲ. ಹೆಂಗಸರು ದೂರ ಓಡಿದರು.

ಬಾಗಿಲು ತೆಗೆದದ್ದು, ಅಷ್ಟು ಹೊತ್ತೂ ಸೊಪ್ಪಿನ ಆಚೆ ಕಾಯುತ್ತಿದ್ದ ಅಣ್ಣ. ಅವನ ಮೊಪೆಡ್ಡು ರಸ್ತೆಯ ಮೇಲೆ ಬಿದ್ದು ಚಕ್ರ ತಿರುಗುತ್ತಲೇ ಇತ್ತು. ನನ್ನನ್ನು ಎರಡೂ ಕೈಯಲ್ಲಿ ಬಾಚಿ ಎತ್ತಿಕೊಂಡು ಹೋಗಿ ಮೋರಿಯ ಕಟ್ಟೆಯ ಮೇಲೆ ಕೂರಿಸಿದ. ವಾಪಸ್ಸು ಹೋಗಿ ಕಾರಿನ ಕೆಳಗೆ ಅಂಗಾತ ಮಲಗಿ ಹೊತ್ತಿಕೊಂಡಿದ್ದ ಬಳ್ಳಿಯನ್ನು ಬರಿಗೈಯಲ್ಲಿ ಕಿತ್ತು ಕಿತ್ತು ಎಸೆದ. ಹೆಂಗಸರು ಈಗ ಧೈರ್ಯ ಮಾಡಿ ನಾಲೆಯಿಂದ ಕೊಡದಲ್ಲಿ ನೀರು ತಂದು ಸುರಿದರು. ಕಾರು ಉಳಿಯಿತು. ಅಣ್ಣನ ಬಲಗೈ ಅಂಗೈ ಪೂರ್ತಿ ಬೊಬ್ಬೆ ಎದ್ದಿತ್ತು.

ಕಟ್ಟೆಯ ಮೇಲೆ ಮಗುವಿನ ಹಾಗೆ ಕೂತಿದ್ದ ನನ್ನನ್ನು ನೋಡಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ, ಪಾಪ, ಕಾಲಿಲ್ಲದವರಿಗೆ ಕಾರು ಯಾಕೆ ಬೇಕಿತ್ತು ಎಂದಳು. ಕೇಳಿಸಿತು. ನಾನು ಬೈಯಬೇಕಾಗಿದ್ದು ಅವಳನ್ನು. ಬೈದದ್ದು, ಅಂಗೈಗೆ ಮಣ್ಣು ಮೆತ್ತಿಕೊಂಡು ನಿಂತಿದ್ದ ಅಣ್ಣನನ್ನು.

‘ನಿನ್ನ ಯಾರಣ್ಣ ಕರೆದ್ರು? ಇಪ್ಪತ್ತಾರು ವರ್ಷ ಹೊತ್ಕಂಡು ತಿರುಗಿದ್ದು ಸಾಲ್ದಾ? ಸತ್ತರೂ ಸಾಯ್ತೀನಿ, ಇನ್ಮೇಲೆ ನನ್ನ ಹಿಂದೆ ಬರಬೇಡ.’

ಅಷ್ಟು ಜನರ ಮುಂದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ನಮ್ಮವ್ವ ನನಗೇ ಹೇಳುತ್ತಿದ್ದಳು, ನನ್ನ ನಾಲಿಗೆಯನ್ನು ಬಲ್ಲವಳು. ಅಣ್ಣ ನನ್ನನ್ನು ಒಂದು ಗಳಿಗೆ ನೋಡಿದ. ಮೊಪೆಡ್ಡು ಎತ್ತಿ ನಿಲ್ಲಿಸಿ, ಹ್ಯಾಂಡಲ್ಲು ನೇರ ಮಾಡಿಕೊಂಡು, ಅದನ್ನು ತಳ್ಳಿಕೊಂಡೇ ಮನೆಯ ಕಡೆ ನಡೆದ.

ಮಾರನೆಯ ದಿನದಿಂದ ಅವನು ಬರಲಿಲ್ಲ. ತಿಂಗಳೊಳಗೆ ಎರಡು ಹಸುಗಳನ್ನೂ ಮಾರಿದ. ಅತ್ತಿಗೆಯನ್ನು ಕೇಳಿದರೆ, ಕೈ ನೋವಂತೆ, ಕರೆಯಲು ಆಗುವುದಿಲ್ಲವಂತೆ ಎಂದಳು. ಕೋಪಕ್ಕೇ ಮಾರಿದ್ದಾನೆ ಎಂದು ನಾನು ತೀರ್ಮಾನ ಮಾಡಿಕೊಂಡೆ. ನಂದೂ ಅದೇ ರಕ್ತ ತಾನೇ? ಅವನೇ ಬಂದು ಮಾತಾಡಲಿ ಎಂದು ಕೂತೆ. ಅವನು ಹೊಲಕ್ಕೆ ಹೋಗುವುದು ಕಡಿಮೆಯಾಯಿತು, ಜಗಲಿಯ ಮೇಲೆ ಕೂರುವುದು ಹೆಚ್ಚಾಯಿತು. ನಾನು ಕಾರು ನಿಲ್ಲಿಸಿ ಅವನ ಮುಂದೆಯೇ ಹಾದು ಬಾಗಿಲು ತೆಗೆದು ಒಳಗೆ ಹೋಗುತ್ತಿದ್ದೆ. ಅವನು ತಲೆ ಎತ್ತುತ್ತಿರಲಿಲ್ಲ. ಒಂದೇ ಗೋಡೆಯ ಆಚೆ ಈಚೆ, ಏಳೆಂಟು ತಿಂಗಳು. ಕಾರಿನಲ್ಲಿ ಬ್ಯಾಗು, ಮನೆಯಲ್ಲಿ ಟಿ.ವಿ. ಅಷ್ಟು ಒಂಟಿಯಾಗಿ ನಾನು ಯಾವತ್ತೂ ಇದ್ದಿರಲಿಲ್ಲ. ಅದು ನಾನೇ ಸಂಬಳದಲ್ಲಿ ಕಂತು ಕಟ್ಟಿ ತಂದುಕೊಂಡ ಒಂಟಿತನ.

ಶ್ರಾವಣ ಕಳೆದ ಮೇಲೆ ಒಂದು ಸಂಜೆ ಕಾರನ್ನು ಅಂಗಳಕ್ಕೆ ಹಿಮ್ಮುಖವಾಗಿ ತೆಗೆದುಕೊಳ್ಳುತ್ತಿದ್ದೆ. ಮೋಡ ಕವಿದು ಮಬ್ಬಾಗಿತ್ತು. ಹಿಂದಿನ ಬಂಪರಿನಲ್ಲಿ ನಾಲ್ಕು ಗುಂಡಿಯಂಥವು ಇವೆ. ಹಿಂದೆ ಏನಾದರೂ ಅಡ್ಡ ಬಂದರೆ ಕಾರು ಟೀಂ ಟೀಂ ಎನ್ನುತ್ತದೆ, ಹತ್ತಿರವಾದಷ್ಟೂ ಬೇಗ ಬೇಗ. ಆ ದಿನ ಅದು ಕೂಗಿಕೊಂಡಿತು. ಕೋಳಿ ಇರಬೇಕು, ಓಡುತ್ತದೆ ಎಂದು ಇನ್ನೊಂದು ಗೇಣು ಬಿಟ್ಟೆ. ಕೂಗು ಎಡೆಬಿಡದೆ ಒಂದೇ ಸಮನಾಯಿತು. ಬ್ರೇಕು ಒತ್ತಿ ತಿರುಗಿ ನೋಡಿದರೆ ಬಂಪರಿನಿಂದ ಒಂದು ಅಡಿ ದೂರದಲ್ಲಿ ಅಣ್ಣ ಪಕ್ಕ ತಿರುಗಿ ನಿಂತಿದ್ದಾನೆ. ಕೊಟ್ಟಿಗೆಯ ಕಡೆ ಹೊರಟವನು. ಕಾರಿನ ಸದ್ದಿಗೆ ಕಿವಿಗೊಟ್ಟು, ಅದು ಯಾವ ಕಡೆಯಿಂದ ಬರುತ್ತಿದೆ ಎಂದು ಹುಡುಕುತ್ತಿದ್ದಾನೆ. ಅವನ ಕೈ ಮುಂದೆ ಚಾಚಿಕೊಂಡಿದೆ. ಆ ಕೈ ಕಾರಿನ ಡಿಕ್ಕಿಗೆ ತಗುಲಿದಾಗ ಅವನು ಬೆಚ್ಚಿಬಿದ್ದ.

ಬಂಪರಿನ ನಾಲ್ಕು ಗುಂಡಿಗಳಿಗೆ ಅಣ್ಣ ಕಂಡ, ಅಣ್ಣನಿಗೆ ಕಾರು ಕಾಣಲಿಲ್ಲ. ನನಗೆ ಅಷ್ಟು ದಿನ ಅಣ್ಣ ಕಂಡಿರಲಿಲ್ಲ.

ಮರುದಿನವೇ ರಜೆ ಹಾಕಿ ಮೈಸೂರಿಗೆ ಕರೆದುಕೊಂಡು ಹೋದೆ. ಕಣ್ಣಾಸ್ಪತ್ರೆಯಲ್ಲಿ ನನ್ನ ಎಡಗೈಯಲ್ಲಿ ಊರುಗೋಲು, ಬಲಗಡೆಯ ಭುಜದ ಮೇಲೆ ಅಣ್ಣನ ಕೈ. ಇಬ್ಬರಲ್ಲಿ ಪೇಷೆಂಟ್ ಯಾರು ಎಂದು ಅಟೆಂಡರು ಕೇಳಿದ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ನನ್ನೊಬ್ಬಳನ್ನೇ ಕರೆದು ಹೇಳಿದರು. ಕಣ್ಣಿನೊಳಗಿನ ಒತ್ತಡ ಹೆಚ್ಚಿ ನರ ಒಣಗಿದೆ. ನೋಟ ಅಂಚಿನಿಂದ ಮುಚ್ಚಿಕೊಳ್ಳುತ್ತಾ ಒಳಕ್ಕೆ ಬರುತ್ತದೆ, ಮಬ್ಬು ಬೆಳಕಿನಲ್ಲಂತೂ ಏನೂ ತಿಳಿಯುವುದಿಲ್ಲ. ಎರಡು ಮೂರು ವರ್ಷದಿಂದ ಇರಬೇಕು. ಹೋದದ್ದು ಬರುವುದಿಲ್ಲ, ಉಳಿದಿರುವುದು ಕೊಂಚ, ಅದನ್ನು ದಿನಾ ಔಷಧಿ ಬಿಟ್ಟು ಕಾಪಾಡಿಕೊಳ್ಳಬೇಕು. ಏಳೆಂಟು ತಿಂಗಳು ಮುಂಚೆ ಬಂದಿದ್ದರೂ ಒಂದಿಷ್ಟು ಹೆಚ್ಚು ಉಳಿಯುತ್ತಿತ್ತು ಎಂದರು. ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಹುರುಳಿಯ ಕಾಲಕ್ಕೆ ಹೋಗಿ ನಿಂತಿತು.

ಹೊರಗೆ ಬೆಂಚಿನ ಮೇಲೆ ಅವನ ಪಕ್ಕ ಕೂತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಎಲ್ಲಿ ಏಳ್ನವ್ವ?’ ಎಂದ. ‘ಗಾಡಿ ಮ್ಯಾಲಾಗಿದ್ರೆ ಬಾಯಿಗೆ ಬತ್ತಿತ್ತು. ಮೊಕ ನೋಡ್ಕಂಡು ಏಳಕ್ಕೆ ನಂಗಾಗದಿಲ್ಲ.’

ಸಂಜೆ ಹೊರಡುವಾಗ ಅವನು ಅಭ್ಯಾಸಬಲದಿಂದ ಮುಂದಿನ ಬಾಗಿಲಿಗೆ ಕೈ ಹಾಕಿದ. ಬೇಡ, ಹಿಂದೆ ಕೂತುಕೋ ಎಂದೆ. ನಾನೇನು ಸಾಹುಕಾರನಾ ಎಂದು ಗೊಣಗಿದ. ನಾನು ಬಿಡಲಿಲ್ಲ, ಡ್ರೈವರ್ ಸೀಟಿನ ನೇರ ಹಿಂದಕ್ಕೆ ಕೂರಿಸಿ ಬೆಲ್ಟು ಹಾಕಿದೆ. ಮೈಸೂರು ಬಿಟ್ಟು ನಂಜನಗೂಡಿನ ತನಕ ಅವನು ಉಸಿರೆತ್ತಲಿಲ್ಲ. ನಾನೂ ಕೆಣಕಲಿಲ್ಲ. ಕಪಿಲೆಯ ಸೇತುವೆ ದಾಟಿ, ಊರಿನ ಗದ್ದಲ ಮುಗಿದು, ನಮ್ಮ ಕಡೆಯ ರಸ್ತೆಗೆ ತಿರುಗಿಕೊಂಡ ಮೇಲೆ ಬೆನ್ನ ಹಿಂದೆ ಗಂಟಲು ಸರಿಮಾಡಿಕೊಂಡ ಸದ್ದಾಯಿತು. ಮೊದಲು ಭತ್ತದ ಪೈರಿನ ಬಗ್ಗೆ ಹೇಳಿದ. ಅತ್ತಿಗೆಯ ಮಂಡಿನೋವಿನ ಬಗ್ಗೆ ಹೇಳಿದ. ನಾನು ಹೂಂಗುಟ್ಟುತ್ತಾ ಓಡಿಸಿದೆ. ಕತ್ತಲಾಗುತ್ತಾ ಬಂದಿತ್ತು.

‘ಅವತ್ತು ನೀನು ಬೈದ್ಯಲ್ಲ’ ಎಂದ. ‘ನಾನು ನಿನ್ನ ಕಾಯಕ್ಕೆ ಬತ್ತಿರ್ಲಿಲ್ಲ ಕಣವ್ವ. ಮಬ್ಬಾಯ್ತಿದ್ದಂಗೆ ನಂಗೆ ರೋಡು ಕಾಣ್ತಿರ್ಲಿಲ್ಲ. ನಿನ್ ಕಾರಿನ ಇಂದಿನ ಕೆಂಪು ದೀಪ ಎಲ್ಡು ಕಾಣ್ತಿದ್ದೊ. ಅದ್ನೆ ನೋಡ್ಕಂಡು ಮನೆ ಸೇರ್ಕತಿದ್ದೆ.’

ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ, ಕನ್ನಡಿಯನ್ನೂ ನೋಡಲಿಲ್ಲ. ನೋಡಿದರೆ ಅವನ ಮಾತು ನಿಂತುಹೋಗುತ್ತದೆಂದು ಗೊತ್ತಿತ್ತು. ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ, ಆಮೇಲೆ ಎಂದು ಕೇಳಿದೆ.

‘ಆಮೇಲೇನವ್ವ. ನೀನು ಬರ್ಬೇಡ ಅಂದೆ. ಅಸುಗಳ್ನ ಮಾರ್ದೆ.’

ನನಗೆ ಅಳು ಬಂತು. ಅವನಿಗೆ ಕೇಳಿಸದ ಹಾಗೆ ಅಳುತ್ತಾ ಮನೆಯ ತನಕ ಕಾರು ಓಡಿಸಿದೆ.